ಮರಿಯಳ ಹಾಡನ್ನು ಹಾಡುವವರು

ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ಸಂಜೆಯ ಪ್ರಾರ್ಥನೆಗೆ ತಪ್ಪದೆ ಹಾಡುವ ಹಾಡೊಂದಿದೆ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಬರುವ ಮರಿಯಳ ಹಾಡು. ಮದುವೆ ನಿಶ್ಚಯವಾಗಿದ್ದರೂ ಗಂಡನ ಮನೆ ಸೇರಿರದ ಹುಡುಗಿ, ಆಗಲೇ ಹೊಟ್ಟೆಯಲ್ಲಿ ಮಗು. ಊರವರ ಬಾಯಿಗೆ ಬೀಳುವ ಮೊದಲೇ ಬೆಟ್ಟದ ಸೀಮೆಯಲ್ಲಿರುವ ಬಂಧು ಎಲಿಸಬೇತಳ ಮನೆಗೆ ಅವಸರದಿಂದ ಹೋಗುತ್ತಾಳೆ. ಅವಳೂ ಬಸುರಿ, ಅದೂ ಮುಪ್ಪಿನಲ್ಲಿ. ಒಬ್ಬಳು ಎಳೆಯಳು, ಒಬ್ಬಳು ವಯಸ್ಸಾದವಳು, ಇಬ್ಬರು ಬಸುರಿಯರು ಎದುರಾದಾಗ ಹುಟ್ಟಿದ ಹಾಡು ಅದು. ಮೆತ್ತಗಿನ ಹಾಡು ಅಂದುಕೊಳ್ಳಬೇಡಿ. ಗದ್ದುಗೆಯ ಮೇಲಿದ್ದವರನ್ನು ಕೆಳಗಿಳಿಸುವ, ಹಸಿದವರ ಹೊಟ್ಟೆ ತುಂಬಿಸುವ, ಉಳ್ಳವರನ್ನು ಬರಿಗೈಯಲ್ಲಿ ಕಳಿಸುವ ದೇವರನ್ನು ಆ ಹುಡುಗಿ ಕೊಂಡಾಡುತ್ತಾಳೆ.

ಇಷ್ಟು ಖಾಸಾ ಹೆಣ್ಣಿನ ಹಾಡನ್ನು ಈ ಕೆಥೆಡ್ರಲ್‌ಗಳ ಗಾಯಕವೃಂದದಲ್ಲಿ ನೂರಾರು ವರ್ಷ ಹಾಡಿದವರು ಗಂಡಸರು ಮತ್ತು ಗಂಡುಹುಡುಗರು. ಮೇಲಿನ ಸ್ಥಾಯಿಗೆ ಎಂಟರಿಂದ ಹದಿಮೂರು ವರ್ಷದ ಬಾಲಕರು, ಕೆಳಗಿನದಕ್ಕೆ ಮೀಸೆ ಬಂದವರು. ನಡುವಿನ ಆಲ್ಟೋ ಸ್ವರಕ್ಕೂ ಗಂಡಸರೇ. ಕಳ್ಳದನಿಯಲ್ಲಿ, ಹೆಂಗಸರ ಸ್ಥಾಯಿಗೆ ಏರಿ ಹಾಡುವವರು. ಪೂಜೆಗೆ ಬಂದು ಕೂತ ಹೆಂಗಸರು ಸಭೆಯೊಂದಿಗೆ ದನಿಗೂಡಿಸಬಹುದಿತ್ತು. ಆದರೆ ಆ ಕೆತ್ತನೆಯ ಮರದ ಆಸನಗಳ ಸಾಲು, ಆ ಅಂಗಿ, ಆ ಪಾಠ, ಆ ಸಂಬಳ ಅವರದಾಗಿರಲಿಲ್ಲ. ಇದು ಮೊದಲು ಗಟ್ಟಿಯಾಗಿ ಅಲುಗಾಡಿದ್ದು 1991ರಲ್ಲಿ, ದಕ್ಷಿಣ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ. ಆ ಊರಿಗೆ ನಾನು ಹೋದವಳಲ್ಲ. ಬಿಬಿಸಿ ರೇಡಿಯೋ 1926ರಿಂದ ಒಂದಲ್ಲ ಒಂದು ಚರ್ಚಿನ ಸಂಜೆಯ ಪ್ರಾರ್ಥನೆಯನ್ನು ಬಿತ್ತರಿಸುತ್ತಾ ಬಂದಿದೆ. ಈಗ ಅದು ನಮ್ಮ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಫೋನಿನಲ್ಲೂ ಕೇಳುತ್ತದೆ. ನನ್ನದು ಕಿವಿಯ ಪರಿಚಯ, ಮತ್ತು ಪುಸ್ತಕದ ಪರಿಚಯ.

ಸಾಲ್ಸ್‌ಬರಿಯ ಕಥೆ ಶುರುವಾಗುವುದು ನೀರಿನ ತಾಪತ್ರಯದಿಂದ. ಮೊದಲ ಕೆಥೆಡ್ರಲ್ ಇದ್ದದ್ದು ಈಗಿನ ಊರಿನಿಂದ ಎರಡು ಮೈಲಿ ಆಚೆ, ಓಲ್ಡ್ ಸೇರಂ ಎಂಬ ದಿಬ್ಬದ ಮೇಲೆ. 1092ರಲ್ಲಿ ಪ್ರತಿಷ್ಠೆಯಾದದ್ದು. ದಿಬ್ಬದ ಮೇಲೆ ನೀರಿಲ್ಲ, ಗಾಳಿ ವಿಪರೀತ. ಪಕ್ಕದಲ್ಲೇ ಕೋಟೆ, ಕೋಟೆಯ ಸೈನಿಕರಿಗೂ ಪಾದ್ರಿಗಳಿಗೂ ನಿತ್ಯ ಜಗಳ. ಕೊನೆಗೆ ಬಿಷಪ್ ರಿಚರ್ಡ್ ಪೂರ್ ಪೋಪರ ಅಪ್ಪಣೆ ಪಡೆದು ದೇವಾಲಯವನ್ನೇ ಕೆಳಗೆ, ನದಿಯ ಬಯಲಿಗೆ ತಂದ. 1220ರ ಏಪ್ರಿಲ್ 28ರಂದು ಶಂಕುಸ್ಥಾಪನೆ, 1258ರಲ್ಲಿ ಪ್ರತಿಷ್ಠೆ. ಮೂವತ್ತೆಂಟು ವರ್ಷದಲ್ಲಿ ಅಷ್ಟು ದೊಡ್ಡ ಕಟ್ಟಡ ಎದ್ದದ್ದರಿಂದ ಅದಕ್ಕೆ ಒಂದೇ ಕೈಯ ಅಂದ ಇದೆ; ಒಂದೊಂದು ಶತಮಾನ ಒಂದೊಂದು ತೇಪೆ ಹಾಕಿದಂತಿಲ್ಲ. 123 ಮೀಟರ್ ಎತ್ತರದ ಗೋಪುರ ಆಮೇಲೆ ಸೇರಿದ್ದು. ಬ್ರಿಟನ್ನಿನ ಚರ್ಚುಗಳಲ್ಲೆಲ್ಲ ಅದೇ ಎತ್ತರದ್ದು. ಅದರ ಭಾರಕ್ಕೆ ಕೆಳಗಿನ ಕಂಬಗಳು ಬರಿಗಣ್ಣಿಗೆ ಕಾಣುವಷ್ಟು ಬಾಗಿವೆಯಂತೆ. ಬಾಗಿಯೂ ಏಳುನೂರು ವರ್ಷ ಹೊತ್ತು ನಿಂತಿವೆ.

ಶಂಕುಸ್ಥಾಪನೆಯ ದಿನ ಕಲ್ಲಿಟ್ಟವರಲ್ಲಿ ಒಬ್ಬ ಹೆಂಗಸೂ ಇದ್ದಳು. ಹೆಸರು ಈಲಾ, ಸಾಲ್ಸ್‌ಬರಿಯ ಕೌಂಟೆಸ್. ಜಹಗೀರು ಅವಳ ತವರಿನದು. ಗಂಡ ವಿಲಿಯಂ ಲಾಂಗೆಸ್ಪೇಗೆ ಪದವಿ ಬಂದದ್ದು ಅವಳನ್ನು ಮದುವೆಯಾದ್ದರಿಂದ. 1226ರಲ್ಲಿ ಅವನು ತೀರಿಕೊಂಡು ಇದೇ ಕೆಥೆಡ್ರಲ್‌ನಲ್ಲಿ ಮಣ್ಣಾದ ಮೇಲೆ ಆಕೆ ಮತ್ತೆ ಮದುವೆಗೆ ಒಪ್ಪಲಿಲ್ಲ. ವಿಲ್ಟ್‌ಶರ್ ಸೀಮೆಯ ಶೆರಿಫ್ ಹುದ್ದೆಯನ್ನು ತಾನೇ ನಡೆಸಿದಳು. ಆಮೇಲೆ ಅದೇ ಸೀಮೆಯ ಲೇಕಾಕ್‌ನಲ್ಲಿ ಹೆಂಗಸರ ಮಠ ಕಟ್ಟಿ, ತಾನೂ ಸನ್ಯಾಸಿನಿಯಾಗಿ, ಅದರ ಮುಖ್ಯಸ್ಥೆಯಾದಳು. (ಹ್ಯಾರಿ ಪಾಟರ್ ಸಿನಿಮಾದ ಪಡಸಾಲೆಗಳಲ್ಲಿ ಕೆಲವು ಈ ಲೇಕಾಕ್‌ನವು. ಮಕ್ಕಳ ಜೊತೆ ಕೂತು ನೋಡಿದವರಿಗೆ ನೆನಪಿರಬಹುದು.)

ಈ ಈಲಾಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೆಂಗಸಿನ ದನಿ ದೇವಾಲಯಕ್ಕೆ ಒಗ್ಗುವುದಿಲ್ಲ ಎನ್ನುವ ಮಾತಿಗೆ ಉತ್ತರ ಅವಳ ಮಠದಲ್ಲಿದೆ. ದಿನಕ್ಕೆ ಹಲವು ಹೊತ್ತು ಹಾಡಿ ಪ್ರಾರ್ಥಿಸುವುದೇ ಅಲ್ಲಿಯ ಸನ್ಯಾಸಿನಿಯರ ಕಾಯಕ. ಸಂಜೆಯ ಪೂಜೆಗೆ ಮರಿಯಳ ಹಾಡನ್ನು ಹೆಂಗಸರೇ ಹಾಡುತ್ತಿದ್ದರು. ಎಂಟನೆಯ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ, 1539ರಲ್ಲಿ, ಲೇಕಾಕ್ ಕೂಡ ಮುಚ್ಚಿತು. ಗಂಡಸರ ಮಠಗಳೂ ಮುಚ್ಚಿದವು, ನಿಜ. ಆದರೆ ಗಂಡಸರ ಹಾಡು ಕೆಥೆಡ್ರಲ್‌ಗಳಲ್ಲಿ ಮುಂದುವರಿಯಿತು. ಹೆಂಗಸರಿಗೆ ಹಾಗೆ ಹೋಗಿ ಸೇರಿಕೊಳ್ಳಲು ಇನ್ನೊಂದು ಜಾಗವಿರಲಿಲ್ಲ. ಪುರಾತನ ಸಂಪ್ರದಾಯ ಎಂದು ಈಚಿನವರು ತೋರಿಸುವ ಮೌನದ ಹಿಂದೆ ಇಂಥ ಒಂದು ಬೀಗವೂ ಇದೆ.

ಸಾಲ್ಸ್‌ಬರಿಗೆ ಸಂಗೀತದ ಹೆಸರು ಮೊದಲಿನಿಂದಲೂ ಇತ್ತು. ಅಲ್ಲಿಯ ಪೂಜಾಕ್ರಮಕ್ಕೆ ‘ಸೇರಂ ಪದ್ಧತಿ’ ಎಂದೇ ಹೆಸರಾಗಿ, ಇಂಗ್ಲೆಂಡಿನ ಬಹುಭಾಗ ಅದನ್ನು ಅನುಸರಿಸುತ್ತಿತ್ತು. 1549ರಲ್ಲಿ ಇಂಗ್ಲಿಷಿನ ಪ್ರಾರ್ಥನಾ ಪುಸ್ತಕ ಬಂದ ಮೇಲೆ ಅದು ಹಿಂದೆ ಸರಿಯಿತು. ಕವಿ ಜಾರ್ಜ್ ಹರ್ಬರ್ಟ್ 1630ರಿಂದ ಮೂರು ವರ್ಷ, ಸಾಯುವವರೆಗೆ, ಪಕ್ಕದ ಬೆಮರ್ಟನ್ ಹಳ್ಳಿಯಲ್ಲಿ ಪಾದ್ರಿಯಾಗಿದ್ದ. ವಾರಕ್ಕೆ ಎರಡು ಸಲ ಹೊಳೆಬಯಲಲ್ಲಿ ನಡೆದು ಬಂದು ಕೆಥೆಡ್ರಲ್‌ನ ಹಾಡು ಕೇಳಿ, ಆಮೇಲೆ ಗೆಳೆಯರ ಜೊತೆ ತಾನೂ ನುಡಿಸಿ ಹೋಗುತ್ತಿದ್ದ. ಅವನ ಚರಿತ್ರೆ ಬರೆದ ಐಸಾಕ್ ವಾಲ್ಟನ್ ಒಂದು ಪ್ರಸಂಗ ಹೇಳುತ್ತಾನೆ: ದಾರಿಯಲ್ಲಿ ಬಡವನೊಬ್ಬನ ಕುದುರೆ ಹೊರೆಯ ಸಮೇತ ಬಿದ್ದಿತ್ತು. ಹರ್ಬರ್ಟ್ ಕೋಟು ಬಿಚ್ಚಿಟ್ಟು, ಹೊರೆ ಇಳಿಸಿ ಏರಿಸಿ, ಮೈಯೆಲ್ಲ ಕೊಳೆ ಮಾಡಿಕೊಂಡು ಸಂಗೀತದ ಗೆಳೆಯರ ಮುಂದೆ ಬಂದು ನಿಂತ. ಇದೇನು ಅವತಾರ ಎಂದವರಿಗೆ, ನಡುರಾತ್ರಿ ನನಗೆ ಇದೇ ಸಂಗೀತವಾಗಿ ಕೇಳುತ್ತದೆ ಎಂದನಂತೆ. ಮನುಷ್ಯ ಚೆನ್ನಾಗಿದ್ದ.

ಮೈಕೇಲ್ ವೈಸ್ ಬೇರೆಯೇ ಜಾತಿ. 1668ರಲ್ಲಿ ಇಲ್ಲಿಯ ಆರ್ಗನ್ ವಾದಕನಾಗಿ ಬಂದ ಪ್ರತಿಭಾವಂತ, ಮಹಾ ಸಿಡುಕ. 1687ರ ಒಂದು ರಾತ್ರಿ ಹೆಂಡತಿಯ ಮೇಲೆ ರೇಗಿ ಮನೆಯಿಂದ ಹೊರಬಿದ್ದವನು ಬೀದಿಯ ಪಹರೆಯವನ ಜೊತೆಗೂ ಜಗಳ ತೆಗೆದು, ತಲೆಗೆ ಪೆಟ್ಟು ಬಿದ್ದು ಸತ್ತ ಎಂದು ಕಥೆ. ಅವನ ರಚನೆಗಳನ್ನು ಪುಸ್ತಕಗಳು ನೆನೆಯುತ್ತವೆ. ಆ ಹೆಂಡತಿ ಆ ರಾತ್ರಿ ಏನು ಹೇಳಿದ್ದಳು ಎಂದು ಬರೆದಿಟ್ಟವರಿಲ್ಲ.

ಹೀಗೆ ಹುಡುಕುತ್ತಾ ಹೋದಾಗ ನನಗೆ ಸಿಕ್ಕ ಇನ್ನೊಬ್ಬ ಹೆಂಗಸು ಮರಿಯಾ ಹ್ಯಾಕೆಟ್. 1783ರಲ್ಲಿ ಹುಟ್ಟಿ ತೊಂಬತ್ತು ದಾಟಿ ಬದುಕಿದವಳು. ಮದುವೆಯಾಗಲಿಲ್ಲ. ನೆಂಟರ ತಬ್ಬಲಿ ಹುಡುಗನೊಬ್ಬ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಹಾಡಲು ಸೇರಿದಾಗ ಅಲ್ಲಿಯ ಸ್ಥಿತಿ ನೋಡಿ ಬೆಚ್ಚಿದಳು. ಪಾಠವಿಲ್ಲ, ನೋಡಿಕೊಳ್ಳುವವರಿಲ್ಲ, ಮಕ್ಕಳ ಹೆಸರಿನಲ್ಲಿದ್ದ ದತ್ತಿಯ ಹಣ ಮಕ್ಕಳಿಗೆ ತಲುಪುತ್ತಿಲ್ಲ. ಆಕೆ ಹಳೆಯ ಲ್ಯಾಟಿನ್ ದಾಖಲೆಗಳನ್ನು ಹುಡುಕಿ ತೆಗೆದು, ದೊಡ್ಡ ದೊಡ್ಡ ಪಾದ್ರಿಗಳಿಗೆ ಪತ್ರದ ಮೇಲೆ ಪತ್ರ ಬರೆದಳು. ಉತ್ತರ ಬರಲಿಲ್ಲ. ಮತ್ತೆ ಬರೆದಳು. ಐವತ್ತು ವರ್ಷಕ್ಕೂ ಮೇಲ್ಪಟ್ಟು ದೇಶದ ಕೆಥೆಡ್ರಲ್‌ಗಳನ್ನೆಲ್ಲ ಸುತ್ತಿ, ಪ್ರತಿ ಹುಡುಗನ ಕೈಗೂ ಒಂದು ಪುಸ್ತಕ, ಒಂದು ಹಣದ ಚೀಲ, ಒಂದು ಹೊಸ ಶಿಲ್ಲಿಂಗ್ ಕೊಟ್ಟು ಬರುತ್ತಿದ್ದಳು. ಕುದುರೆಗಾಡಿಯ ಕಾಲದಲ್ಲಿ, ಒಂಟಿ ಹೆಂಗಸು! ಕೆಥೆಡ್ರಲ್‌ಗಳ ಸಂಗೀತ ಹತ್ತೊಂಬತ್ತನೆಯ ಶತಮಾನದಲ್ಲಿ ಚೇತರಿಸಿಕೊಂಡದ್ದರಲ್ಲಿ ಅವಳ ಪಾಲು ದೊಡ್ಡದು. ಆ ಸಂಗೀತದಲ್ಲಿ ಒಂದು ಸ್ವರ ಹಾಡುವ ಅವಕಾಶ ಮಾತ್ರ ಅವಳಿಗಿರಲಿಲ್ಲ.

ಸಾಲ್ಸ್‌ಬರಿಯಲ್ಲಿ ಈಗ ಕೇಳುವ ಆರ್ಗನ್ ಹೆನ್ರಿ ವಿಲ್ಲಿಸ್ 1877ರಲ್ಲಿ ಕಟ್ಟಿದ್ದು. ನಮ್ಮ ಕಾಲುಪೆಟ್ಟಿಗೆ, ಹಾರ್ಮೋನಿಯಂಗಳ ದೂರದ ದೊಡ್ಡಣ್ಣ ಎನ್ನಿ. ಒಂದರ ಮೇಲೊಂದು ನಾಲ್ಕು ಮನೆಸಾಲು ಕೈಗೆ, ಕಾಲಿಗೆ ಇನ್ನೊಂದು, ಸಾವಿರಾರು ಕೊಳವೆ. ಅದರ ಮಂದ್ರಸ್ವರ ಕಿವಿಗಿಂತ ಮೊದಲು ಎದೆಗೂಡಿಗೆ ತಾಗುತ್ತದೆ ಎನ್ನುತ್ತಾರೆ. ಫೋನಿನಲ್ಲಿ ಅದೆಲ್ಲ ಗೊತ್ತಾಗದು. 1916ರಿಂದ 1947ರವರೆಗೆ ಇಲ್ಲಿ ವಾದಕನಾಗಿದ್ದ ವಾಲ್ಟರ್ ಆಲ್ಕಾಕ್ ಮೂರು ಪಟ್ಟಾಭಿಷೇಕಗಳಲ್ಲಿ ನುಡಿಸಿದವನು. ಹಾಡುವ ಹುಡುಗರನ್ನು ತಾನೇ ಮಾಡಿದ ಪುಟ್ಟ ಉಗಿಬಂಡಿಯಲ್ಲಿ ಕೂರಿಸಿ ಸುತ್ತಿಸುತ್ತಿದ್ದ. 1934ರಲ್ಲಿ ಆರ್ಗನ್ನಿನ ದುರಸ್ತಿ ನಡೆದಾಗ, ತನಗೆ ತಿಳಿಯದಂತೆ ಯಾರಾದರೂ ನಾದ ಬದಲಿಸಿಯಾರು ಎಂದು ಅದರ ಭಾಗಗಳನ್ನು ಕಟ್ಟಡದಿಂದ ಹೊರಗೆ ಒಯ್ಯಲು ಬಿಡಲಿಲ್ಲವಂತೆ. 2021ರ ಜನವರಿಯಲ್ಲಿ ಕೆಥೆಡ್ರಲ್ಲೇ ಕೋವಿಡ್ ಲಸಿಕೆಯ ಕೇಂದ್ರವಾಯಿತು. ಚುಚ್ಚಿಸಿಕೊಂಡ ಮುದುಕ ಮುದುಕಿಯರು ತೋಳು ಹಿಡಿದುಕೊಂಡು ಕೂತಿದ್ದಾಗ ವಾದಕರು ಮೇಲೆ ಕೂತು ಬಾಖ್, ಹ್ಯಾಂಡೆಲ್ ನುಡಿಸುತ್ತಿದ್ದರು. ಆ ವಾದ್ಯ ಅಷ್ಟು ವರ್ಷದಲ್ಲಿ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ಈಗ 1991ಕ್ಕೆ ಬರುತ್ತೇನೆ. ಆಗಿನ ಸಂಗೀತ ನಿರ್ದೇಶಕ ರಿಚರ್ಡ್ ಸೀಲ್. ಹುಡುಗಿಯರು ಅಲ್ಲಲ್ಲಿ ಆಗಲೇ ಹಾಡುತ್ತಿದ್ದರು. ಎಡಿನ್‌ಬರೋದ ಸೇಂಟ್ ಮೇರಿ ಕೆಥೆಡ್ರಲ್ 1978ರಲ್ಲೇ ಅವರನ್ನು ಹುಡುಗರ ಜೊತೆ ಸೇರಿಸಿಕೊಂಡಿತ್ತು. ಸೀಲ್ ಮಾಡಿದ್ದು ಬೇರೆ. ಇಂಗ್ಲೆಂಡಿನ ಪುರಾತನ ಕೆಥೆಡ್ರಲ್ ಒಂದರಲ್ಲಿ ಹುಡುಗಿಯರದೇ ಪ್ರತ್ಯೇಕ ವೃಂದ, ಅದಕ್ಕೆ ಪ್ರತ್ಯೇಕ ನಿಧಿ, ಹುಡುಗರಿಗಿದ್ದಂಥದೇ ತರಬೇತಿ, ವಾರದ ಪೂಜೆಗಳಲ್ಲಿ ಪಾಲು. ಹುಡುಗರ ವೃಂದ ಹಾಗೆಯೇ ಉಳಿಯಿತು. ಅಲ್ಲಿ ಹೊಸ ಹುಡುಗ ಸೇರಿದಾಗ ಹಳಬರು ಅವನ ತಲೆಯನ್ನು ಕಲ್ಲಿಗೆ ಮೆತ್ತಗೆ ಕುಟ್ಟಿ ದೀಕ್ಷೆ ಕೊಡುವುದು ಹಳೆಯ ಪದ್ಧತಿ. ಹುಡುಗಿಯರು ಆ ಕಲ್ಲನ್ನು ಎರವಲು ಕೇಳದೆ, ಪ್ರಾರ್ಥನಾ ಪುಸ್ತಕದಿಂದ ತಲೆ ತಟ್ಟುವ ತಮ್ಮದೇ ಶಾಸ್ತ್ರ ಮಾಡಿಕೊಂಡರು. ಹೆಣ್ಣುಮಕ್ಕಳಿಗೆ ಶಾಸ್ತ್ರ ಹುಟ್ಟಿಸುವುದು ಯಾರೂ ಹೇಳಿಕೊಡಬೇಕಾಗಿಲ್ಲ ನೋಡಿ.

ವಿರೋಧ ಬಂತು, ಜೋರಾಗಿಯೇ ಬಂತು. ಬಾಲಕರ ಕಂಠವನ್ನು ಉಳಿಸಿಕೊಳ್ಳಲೆಂದೇ ಸಂಘ ಕಟ್ಟಿಕೊಂಡವರೂ ಇದ್ದರು. ಅವರ ವಾದ ಎರಡು. ಒಂದು, ಬಾಲಕನ ಕಂಠಕ್ಕೆ ಬೇರಾರಿಗೂ ಇರದ ಕಾಂತಿಯಿದೆ. ಹುಡುಗಿಯದು ಉಸಿರು ಬೆರೆತ, ಮೆತುದನಿ. ಎರಡು, ಹುಡುಗಿಯರು ಬಂದ ಕಡೆ ಹುಡುಗರು ನಿಲ್ಲುವುದಿಲ್ಲ.

ಎರಡನೆಯದನ್ನು ನಾನು ತಳ್ಳಿಹಾಕುವುದಿಲ್ಲ. ಗಂಡುಮಕ್ಕಳನ್ನು ಹಾಡಿಗೆ ಕೂರಿಸುವುದು ಎಷ್ಟು ಕಷ್ಟ ಎಂದು ನಮ್ಮ ಬಡಾವಣೆಯ ಸಂಗೀತದ ಟೀಚರುಗಳನ್ನು ಕೇಳಿದರೆ ಸಾಕು. ‘ಇದು ಹೆಣ್ಣುಮಕ್ಕಳದ್ದು’ ಎಂಬ ಮಾತು ಒಮ್ಮೆ ಬಿದ್ದರೆ ಹುಡುಗರು ಚೀಲ ಎತ್ತಿಕೊಂಡು ಓಡುತ್ತಾರೆ. ಸಾಲ್ಸ್‌ಬರಿ ಎರಡು ವೃಂದಗಳನ್ನು ಬೇರೆ ಬೇರೆಯಾಗಿ ಇಟ್ಟದ್ದರಲ್ಲಿ ಈ ಲೆಕ್ಕಾಚಾರ ಕಾಣುತ್ತದೆ, ಮತ್ತು ಅದು ಜಾಣ ಲೆಕ್ಕಾಚಾರ. ಮೊದಲನೆಯ ವಾದ ಮಾತ್ರ ಪರೀಕ್ಷೆಗೆ ಸಿಕ್ಕಿತು. ಡೇವಿಡ್ ಹೊವರ್ಡ್, ಗ್ರಹಾಂ ವೆಲ್ಚ್ ಎಂಬ ಸಂಶೋಧಕರು ವೆಲ್ಸ್ ಕೆಥೆಡ್ರಲ್‌ನ ಹುಡುಗರ ಮತ್ತು ಹುಡುಗಿಯರ ಹಾಡುಗಳನ್ನು ಧ್ವನಿಮುದ್ರಿಸಿ, ಯಾರದು ಯಾವುದೆಂದು ಹೇಳದೆ ಕೇಳುಗರಿಗೆ ಕೇಳಿಸಿದರು. ಸರಿಯುತ್ತರ ಬಂದದ್ದು ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ನಾಣ್ಯ ಚಿಮ್ಮಿದ್ದರೂ ಸುಮಾರು ಅಷ್ಟೇ ಬರುತ್ತಿತ್ತು. ಎಂಟು ವರ್ಷದ ಮಗುವಿನ ಗಂಟಲು ಗುರು ಹೇಗೆ ತಿದ್ದುತ್ತಾನೋ ಹಾಗೆ ತಿದ್ದಿಕೊಳ್ಳುತ್ತದೆ. ಬಾಲಕನ ಸಹಜ ಕಾಂತಿ ಎಂದು ಕರೆದದ್ದರಲ್ಲಿ ಸಾಕಷ್ಟು ಪಾಲು ಪಾಠದ್ದು.

ಬಾಲಕನ ಕಂಠಕ್ಕೆ ಒಂದು ಕರುಣೆ ಇದೆ, ಅದನ್ನು ಒಪ್ಪುತ್ತೇನೆ. ಇನ್ನೇನು ಪೂರ್ತಿ ಪಳಗಿತು ಅನ್ನುವ ಹೊತ್ತಿಗೆ ಗಂಟಲು ಒಡೆದು ಆ ದನಿ ಇಲ್ಲವಾಗುತ್ತದೆ. ಇವತ್ತು ಕೇಳಿದ್ದು ಮುಂದಿನ ವರ್ಷ ಇರುವುದಿಲ್ಲ ಎಂದು ತಿಳಿದು ಕೇಳುವಾಗ ಹಾಡು ಬೇರೆಯೇ ಆಗುತ್ತದೆ. ಆಲ್ಟೋ ಹಾಡುವ ಗಂಡಸರ ಕಳ್ಳದನಿಯೂ ನನಗೆ ಇಷ್ಟವೇ. ನಮ್ಮ ಯಕ್ಷಗಾನದ ಸ್ತ್ರೀವೇಷವನ್ನು ನೋಡಿ ತಲೆದೂಗಿದವಳು ನಾನು. ಆದರೆ ಆ ವೇಷದ ಚೆಲುವಿಗೆ ತಲೆದೂಗುವುದು ಬೇರೆ, ಅದನ್ನೇ ಸಾಕ್ಷಿ ಮಾಡಿಕೊಂಡು ಹೆಣ್ಣನ್ನು ರಂಗದಿಂದ ಆಚೆ ಇಡುವುದು ಬೇರೆ.

ದನಿಯ ಬಗೆಗಿನ ಈ ಎಲ್ಲ ವಾದದಲ್ಲಿ ಒಂದು ವಿಷಯ ಮರೆಯಾಗಿತ್ತು: ವಿದ್ಯೆ. ಎಂಟನೆಯ ವಯಸ್ಸಿಗೆ ವೃಂದ ಸೇರುವ ಮಗು ಬೆಳಿಗ್ಗೆ ಶಾಲೆಗೆ ಮುಂಚೆ ಅಭ್ಯಾಸ ಮಾಡುತ್ತದೆ, ಸಂಜೆ ದೇವರ ಮುಂದೆ ಹಾಡುತ್ತದೆ, ಹೊಸ ಸ್ವರಲಿಪಿ ಕೈಗೆ ಬಂದ ಕೂಡಲೇ ಓದಿ ಹಾಡುವುದನ್ನು ಕಲಿಯುತ್ತದೆ. ಐದು ವರ್ಷದಲ್ಲಿ ನಾನೂರು ಐನೂರು ವರ್ಷಗಳ ಸಂಗೀತ ಅದರ ಬಾಯಲ್ಲಿರುತ್ತದೆ. ದುಬಾರಿ ಶಾಲೆಯ ಶುಲ್ಕದಲ್ಲಿ ರಿಯಾಯಿತಿ ಬೇರೆ. ಇಂಗ್ಲೆಂಡಿನ ಸಂಗೀತಗಾರರಲ್ಲಿ, ವೃಂದ ನಡೆಸುವವರಲ್ಲಿ, ಆರ್ಗನ್ ವಾದಕರಲ್ಲಿ ಎಷ್ಟೋ ಜನ ಇಂಥ ಸಾಲಿನಿಂದ ಎದ್ದು ಬಂದವರು. ಹಳ್ಳಿಯ ಐಗಳ ಮಠದಲ್ಲಿ ಗಂಡುಮಕ್ಕಳು ಮಾತ್ರ ಕೂತು ಕಲಿತು, ಆಮೇಲೆ ‘ಹೆಂಗಸರಲ್ಲಿ ಪಂಡಿತರೇ ಇಲ್ಲವಲ್ಲ’ ಎಂದಂತೆ, ಇಂಗ್ಲೆಂಡಿನಲ್ಲೂ ಕೆಥೆಡ್ರಲ್ ಸಂಗೀತಕ್ಕೆ ಹೆಂಗಸರು ಯಾಕಿಲ್ಲ ಎಂದು ಆಶ್ಚರ್ಯಪಡುತ್ತಿದ್ದರು. ಇಂಗ್ಲೆಂಡಿನ ಚರ್ಚಿನ ಕೆಥೆಡ್ರಲ್ ಒಂದರಲ್ಲಿ ಸಂಗೀತದ ಅತ್ಯುನ್ನತ ಹುದ್ದೆಗೆ ಮೊದಲ ಬಾರಿ ಹೆಂಗಸು ಬಂದದ್ದು 2008ರಲ್ಲಿ, ಗಿಲ್‌ಫರ್ಡ್‌ನಲ್ಲಿ. ಆಕೆ ಕ್ಯಾಥರೀನ್ ಡೀನ್ಸ್ ವಿಲಿಯಮ್ಸ್. ಹಾಡುವ ಮಕ್ಕಳನ್ನು ಸುಮಾರು ಒಂಬೈನೂರು ವರ್ಷದಿಂದ ಸಾಕಿಕೊಂಡು ಬಂದ ಸೇಂಟ್ ಪಾಲ್ಸ್, ಮರಿಯಾ ಹ್ಯಾಕೆಟ್ ಪತ್ರ ಬರೆದು ಬರೆದು ದಣಿದ ಅದೇ ಸೇಂಟ್ ಪಾಲ್ಸ್, ಹುಡುಗಿಯರನ್ನು ಪೂರ್ಣ ಪ್ರಮಾಣದಲ್ಲಿ ವೃಂದಕ್ಕೆ ಸೇರಿಸಿಕೊಂಡದ್ದು 2025ರಲ್ಲಿ.

ನಾನು ಮತ್ತೆ ಮತ್ತೆ ಕೇಳುವುದು ಚಾರ್ಲ್ಸ್ ಸ್ಟ್ಯಾನ್‌ಫರ್ಡ್ 1904ರಲ್ಲಿ ಪ್ರಕಟಿಸಿದ, ಜಿ ಶ್ರುತಿಯ ಸಂಧ್ಯಾಗೀತೆಗಳನ್ನು. ಎರಡು ಹಾಡಿನ ಜೋಡಿ ಅದು. ಮೊದಲನೆಯದು ಮರಿಯಳ ಹಾಡು. ಆರ್ಗನ್ ಮೇಲಿನ ಸ್ವರಗಳಲ್ಲಿ ನಿಲ್ಲದೆ ಸುತ್ತುತ್ತದೆ. ಎಳೆಯ ಮರಿಯ ರಾಟೆಯ ಮುಂದೆ ಕೂತು ನೂಲುತ್ತಾ ಹಾಡುತ್ತಿರುವ ಚಿತ್ರ ಅದು ಎಂದು ಬಲ್ಲವರು ಹೇಳುತ್ತಾರೆ. ಆ ಸುತ್ತಿನ ಮೇಲೆ ಒಂಟಿ ಮಗುವಿನ ದನಿ ತೇಲುತ್ತದೆ. ಬೀಸುಕಲ್ಲಿನ ಪದ ಕೇಳಿ ಬೆಳೆದ ಕಿವಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೈ ಒಂದು ಸುತ್ತು ಬರುವಷ್ಟರಲ್ಲಿ ಒಂದು ಸಾಲು. ಬಾಲಕರು ಹಾಡಿದ ಧ್ವನಿಮುದ್ರಿಕೆಗಳು ಬಹಳ ಇವೆ, ಕೆಲವು ಅಪ್ಪಟ ಚಿನ್ನ. ಅವುಗಳಲ್ಲಿ ದನಿ ಆಕಾಶದಲ್ಲಿರುತ್ತದೆ, ಮರಿಯ ದೇವತೆಯಾಗುತ್ತಾಳೆ. ಹುಡುಗಿಯ ಬಾಯಲ್ಲಿ ಕೇಳಿದಾಗ ಸ್ವರ ಅಷ್ಟೇ ಶುದ್ಧ, ಆದರೂ ನನಗೆ ರಾಟೆಯ ಮುಂದೆ ಕೂತ ಮೈ ಕಾಣುತ್ತದೆ. ಯಾರ ದನಿಯೆಂದು ತಿಳಿದು ಕೇಳುವುದರಿಂದಲೇ ಹಾಗೆ ಎನ್ನಬಹುದು. ಇರಲಿ. ಯಾರು ಹಾಡುತ್ತಿದ್ದಾರೆ ಎನ್ನುವುದು ಹಾಡಿನ ಅರ್ಥದಲ್ಲಿ ಸೇರಿಯೇ ಇರುತ್ತದೆ. ಇಷ್ಟು ವರ್ಷ ಬಾಲಕರೇ ಹಾಡಬೇಕು ಎಂದವರೂ ಅದನ್ನೇ ತಾನೆ ಹೇಳುತ್ತಿದ್ದದ್ದು?

ಜೋಡಿಯ ಎರಡನೆಯ ಹಾಡು ಮುದುಕ ಸಿಮೆಯೋನನದು. ಹಸುಳೆಯನ್ನು ಎತ್ತಿಕೊಂಡು, ಇನ್ನು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇನೆ ಎನ್ನುವವನು. ಅದನ್ನು ಸ್ಟ್ಯಾನ್‌ಫರ್ಡ್ ಮಂದ್ರಸ್ಥಾಯಿಯ ಗಂಡಸಿಗೆ ಕೊಟ್ಟಿದ್ದಾನೆ. ಮಗುವಿಗೆ ಒಂದು ಹಾಡು, ಮುದುಕನಿಗೆ ಒಂದು. ಬಾಲಕನಾಗಿ ಮೊದಲನೆಯದನ್ನು ಹಾಡಿದವನು ಇಪ್ಪತ್ತು ವರ್ಷ ಕಳೆದು ಹಿಂದಿನ ಸಾಲಿಗೆ ಮರಳಿ, ಸಂಬಳ ಪಡೆದು, ಎರಡನೆಯದನ್ನು ಹಾಡಬಹುದು. ಮೊದಲನೆಯದನ್ನು ಹಾಡಿದ ಹುಡುಗಿಗೆ ಆ ಹಿಂದಿನ ಸಾಲಿನಲ್ಲಿ ಹೊಂದುವ ಜಾಗ ಒಂದೇ, ಆಲ್ಟೋ. ಅದನ್ನು ಕಳ್ಳದನಿಯ ಗಂಡಸರಿಗೆಂದು ಕಾದಿರಿಸಿದ್ದರು. ಸೇಂಟ್ ಪಾಲ್ಸ್‌ನಲ್ಲಿ ಆ ಸಾಲಿಗೆ ಪೂರ್ಣಾವಧಿ ಗಾಯಕಿಯಾಗಿ ಕ್ಯಾರಿಸ್ ಜೋನ್ಸ್ ಬಂದದ್ದು 2017ರಲ್ಲಿ. ಬೇರೆ ಕೆಲವು ಕೆಥೆಡ್ರಲ್‌ಗಳಲ್ಲೂ ಹೆಂಗಸರು ಆಲ್ಟೋ ಹಾಡುತ್ತಿದ್ದಾರೆ, ಎಲ್ಲ ಕಡೆ ಅಲ್ಲ. ಸಾಲ್ಸ್‌ಬರಿಯಲ್ಲಿ 1991ರಲ್ಲಿ ಹಾಡಲು ನಿಂತ ಹುಡುಗಿಯರಿಗೆ ಈಗ ನಲವತ್ತು ದಾಟಿದೆ. ಅವರ ವಯಸ್ಸಿನ ಹೆಣ್ಣಿಗೆ ಒಪ್ಪುವ ಒಂಟಿ ಹಾಡನ್ನು ಸ್ಟ್ಯಾನ್‌ಫರ್ಡ್ ಈ ಜೋಡಿಯಲ್ಲಿ ಬರೆದಿಲ್ಲ. ಲೂಕನ ಅದೇ ಅಧ್ಯಾಯದಲ್ಲಿ, ಬಾಗಿಲಲ್ಲಿ ನಿಂತ ಎಲಿಸಬೇತಳ ಮಾತುಗಳಿವೆ.